ಮುದುಕವ್ವ ಕೊಟ್ಟ ನೀರು

ಬಸ್ಸು ಇನ್ನೂ ಬಂದಿರಲಿಲ್ಲ. ಹರ್ತಿಯ ಹಾದಿಯಲ್ಲಿದ್ದ ಒಂದೇ ಒಂದು ಬೇವಿನ ಗಿಡದ ಕೆಳಗೆ, ನೀರಿನ ಬಾಟಲಿಗಳ ಪೆಟ್ಟಿಗೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ನಿಂತಿದ್ದ ಶ್ರೀಪಾದನಿಗೆ ತನಗೆ ಆಗಿರುವುದು ಖುಷಿಯೋ ಹೆದರಿಕೆಯೋ ಗೊತ್ತಾಗುತ್ತಿರಲಿಲ್ಲ. ನಾಲಿಗೆಯ ಮೇಲೆ ಒಂದು ರುಚಿ ಕೂತುಬಿಟ್ಟಿತ್ತು. ಉಗುಳಿದರೆ ಹೋಗುತ್ತಿತ್ತೇನೋ. ಆದರೆ ಉಗುಳಲು ಮನಸ್ಸಿರಲಿಲ್ಲ. ಇಲ್ಲಿ ಉಗುಳಿದರೂ ಮುದುಕವ್ವನ ಅಂಗಳದಲ್ಲೇ ಉಗುಳಿದಂತೆ ಅನ್ನಿಸುತ್ತಿತ್ತು. ನಲವತ್ತರ ಹತ್ತಿರ ಬಂದ ಆಯುಷ್ಯದಲ್ಲಿ ತನ್ನವರಲ್ಲದವರ ಮನೆಯ ನೀರನ್ನು ಅವರದೇ ತಂಬಿಗೆಯಲ್ಲಿ, ಅವರದೇ ಕಟ್ಟೆಯ ಮೇಲೆ ಕೂತು, ತಳ ಕಾಣುವ ತನಕ ಕುಡಿದದ್ದು ಇವತ್ತೇ ಮೊದಲು. ಅದೇನು ದೊಡ್ಡ ಪರಾಕ್ರಮವಲ್ಲ ಎಂದು ಅವನಿಗೂ ಗೊತ್ತು. ಗದಗಿನ ಸ್ಟೇಶನ್ ರಸ್ತೆಯ ಹೋಟೆಲುಗಳಲ್ಲಿ ಯಾರ ಕೈಯ ಚಹಾ ಯಾರು ಕುಡಿಯುತ್ತಾರೆಂದು ಕೇಳುವವರೇ ಇಲ್ಲ, ಅವನೂ ಕುಡಿದಿದ್ದಾನೆ. ಆದರೆ ಹೋಟೆಲು ಬೇರೆ. ಅಲ್ಲಿ ಕೊಟ್ಟವನ ಮುಖ ನೋಡಬೇಕಾಗಿಲ್ಲ. ಇಲ್ಲಿ ಮುದುಕವ್ವ ಎದುರಿಗೇ ನಿಂತಿದ್ದಳು, ಸೆರಗಿನ ತುದಿಯನ್ನು ಬಾಯಿಗೆ ಹಿಡಿದು, ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ಕಣ್ಣು ಕೀಲಿಸಿ ನೋಡುತ್ತ. ಖಾಲಿ ತಂಬಿಗೆ ಕೆಳಗಿಟ್ಟಾಗ ಅವಳ ಮುಖದಲ್ಲಿ ಕಂಡ ನಗುವನ್ನು ಅವನು ಇನ್ನೊಮ್ಮೆ ನೆನೆಸಿಕೊಂಡ. ಅವನ ತಾಯಿ ಕೂಡ ಹಾಗೆ ಅವನನ್ನು ನೋಡಿ ನಕ್ಕು ಎಷ್ಟೋ ವರ್ಷಗಳಾಗಿದ್ದವು.

ತಾಯಿ ಸರಸ್ವತಿಬಾಯಿಗೆ ಮಗನ ನೌಕರಿಯ ಮೇಲೆ ಮೊದಲಿನಿಂದಲೂ ಒಳಗೊಳಗೇ ಅಸಹ್ಯ. ಎಪ್ಪತ್ತೈದನೆಯ ಇಸವಿಯಲ್ಲಿ ಅವನು ಸೇರಿದಾಗ ಜಲಮಾಲಿನ್ಯ ಮಂಡಳಿ ಅನ್ನುವುದು ಹೊಸದಾಗಿ ಹುಟ್ಟಿದ ಕೂಸು. ಹೊಲಸು ನೀರು ಬಿಡುವವರನ್ನು ಹಿಡಿಯಲು ಸರಕಾರ ಒಂದು ಆಫೀಸು ತೆರೆಯುತ್ತದೆ ಎಂದರೆ ಗದಗಿನಲ್ಲಿ ಯಾರೂ ನಂಬಿರಲಿಲ್ಲ. ಪಗಾರ ಬರುತ್ತದೆ ಎಂದ ಮೇಲೆ ನಂಬಿದರು. ವರ್ಷಕ್ಕೊಮ್ಮೆ ಸುತ್ತು. ಲಕ್ಷ್ಮೇಶ್ವರದ ಹತ್ತಿ ಜಿನ್ನು, ಶಿರಹಟ್ಟಿಯ ಎಣ್ಣೆ ಗಿರಣಿ, ಮುಂಡರಗಿಯ ಸಂತೆಯ ಹಿಂದಿನ ತೊಗಲಿನ ಅಂಗಳ, ಬೆಟಗೇರಿಯ ಬಣ್ಣದ ಮನೆಗಳು. ಎಲ್ಲೆಲ್ಲಿ ಮೂಗು ಮುಚ್ಚಿಕೊಂಡು ಜನ ದಾಟುತ್ತಾರೋ ಅಲ್ಲಲ್ಲಿ ಶ್ರೀಪಾದ ಪ್ಯಾಂಟು ಮಡಚಿ ಕೂತು ಬಾಟಲಿ ತುಂಬಬೇಕು. ಸುತ್ತಿನ ಕಡೆಗೆ ಮಾಗಡಿಯ ಕೆರೆ. ಅಲ್ಲಿ ಎಲ್ಲಿಂದಲೋ ಬಂದ ಹಕ್ಕಿಗಳು ಯಾರ ಅಪ್ಪಣೆಯನ್ನೂ ಕೇಳದೆ ನೀರಿಗಿಳಿಯುವುದನ್ನು ನೋಡುತ್ತ ಕೂತಾಗ ಮಾತ್ರ ತನ್ನ ಕೆಲಸ ಒಳ್ಳೆಯದೆಂದು ಅವನಿಗೆ ಅನ್ನಿಸುತ್ತಿತ್ತು. ಮನೆಗೆ ಬಂದರೆ ಹಿತ್ತಲ ಬಾಗಿಲು. ಬಚ್ಚಲಲ್ಲಿ ಬಟ್ಟೆ ತೆಗೆದು ನೀರು ಹೊಯ್ದುಕೊಳ್ಳುವ ತನಕ ತಾಯಿ ಒಳಗೆ ಬಿಡುವುದಿಲ್ಲ. ಅವನ ತಂಬಿಗೆ ಬೇರೆ, ಅದಿರುವ ಗೂಡು ಬೇರೆ. ತಂದೆ ಬದುಕಿರುವ ತನಕ ಗುಡಿಯಲ್ಲಿ ತೀರ್ಥ ಕೊಡುತ್ತಿದ್ದವರು. ಸಣ್ಣವನಿದ್ದಾಗ ಶ್ರೀಪಾದ ಕಂಬಕ್ಕೆ ಒರಗಿ ನೋಡುತ್ತಿದ್ದ: ಸಾಲಾಗಿ ಕೈಗಳು ಚಾಚುತ್ತವೆ, ಉದ್ಧರಣೆಯಿಂದ ತಂದೆ ಒಂದೊಂದು ಹನಿ ಬಿಡುತ್ತಾರೆ, ಎಲ್ಲರೂ ಕಣ್ಣು ಮುಚ್ಚಿ ಹೀರುತ್ತಾರೆ. ಯಾವ ಬಾವಿಯ ನೀರು ಎಂದು ಒಬ್ಬರೂ ಕೇಳುವುದಿಲ್ಲ. ಆ ಮನೆಯ ಮಗ ಗಟಾರದ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವವನಾದ. ಮದುವೆಯ ಮಾತು ಬಂದಾಗಲೂ ಹೆಣ್ಣಿನ ಕಡೆಯವರು ನೌಕರಿ ಏನು ಎಂದು ಕೇಳಿ, ಕೇಳಿ ತಿಳಿದುಕೊಂಡು, ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು. ಆಮೇಲಾಮೇಲೆ ಆ ಮಾತೇ ನಿಂತಿತು, ಉಪ್ಪಿಟ್ಟಾದರೂ ಉಳಿಯಿತು ಎಂದು ಅವನು ಒಮ್ಮೆ ನಗೆಯಾಡಿದ್ದಕ್ಕೆ ತಾಯಿ ಎರಡು ದಿನ ಮಾತು ಬಿಟ್ಟಿದ್ದಳು.

ಇವತ್ತು ಮುಂಜಾನೆ ಗೋಪಾಲ ಆ ಮಾತು ಆಡದೆ ಹೋಗಿದ್ದರೆ ಈ ನೀರು ಕುಡಿಯುತ್ತಿದ್ದೆನೇ? ಅದನ್ನು ಒಪ್ಪಿಕೊಳ್ಳುವುದು ಶ್ರೀಪಾದನಿಗೆ ಕಷ್ಟವಾಯಿತು. ಗೋಪಾಲ ಅವನ ಶಾಲೆಯ ಗೆಳೆಯ, ಒಂದೇ ಓಣಿಯವನು. ಬೆಟಗೇರಿಯ ಮಗ್ಗಗಳಿಗೆ ನೂಲು ಅದ್ದಿ ಕೊಡುವ ಬಣ್ಣದ ಕಾರಖಾನೆಗೆ ಈಗ ಮ್ಯಾನೇಜರು. ಕಾರಖಾನೆ ಊರು ಬಿಟ್ಟು ಹೊರಗೆ ಹಳ್ಳದ ದಂಡೆಯ ಮೇಲೆ ಇದೆ, ಹಳ್ಳದ ಕೆಳಗೆ ಮುದುಕವ್ವನ ಕೇರಿ. ನಮೂನೆ ತೆಗೆಯುವ ದಿನವನ್ನು ಮೊದಲೇ ತಿಳಿಸಿ ಹೋಗುವುದು ರೂಢಿ, ಹಾಗಾಗಿ ಆ ದಿನ ಕಡಾಯಿಗಳೆಲ್ಲ ತೊಳೆದು ಬೋರಲು ಬಿದ್ದಿರುತ್ತವೆ, ಕೊಳವೆಯಿಂದ ಬರುವ ನೀರು ಅಭಿಷೇಕಕ್ಕಾದೀತು ಅನ್ನುವಷ್ಟು ತಿಳಿಯಾಗಿರುತ್ತದೆ. ನೀನು ಬರೋದು ನಮ್ಮಲ್ಲಿ ಶ್ರಾದ್ಧ ಇದ್ದಂಗಪಾ, ವರ್ಷಕ್ಕೊಮ್ಮೆ ಎಲ್ಲಾ ತೊಳೀತೀವಿ ಎಂದು ಗೋಪಾಲ ಪ್ರತಿ ವರ್ಷ ಆಡುವ ಚೇಷ್ಟೆಯನ್ನು ಈ ವರ್ಷವೂ ಆಡಿದ. ಕಾಫಿ ತರಿಸಿದ. ಹೋದ ವರ್ಷ ಆ ಕೇರಿಯ ಬಾವಿ ಕೆಂಪಾಗಿದ್ದನ್ನು ಶ್ರೀಪಾದ ಮೇಲಿನವರಿಗೆ ಬರೆದದ್ದು, ಅಲ್ಲಿಂದ ಒಂದು ಕಾಗದ ಬಂದದ್ದು, ಅದಕ್ಕೆ ಹೆದರಿ ಹೊಂಡ ತೋಡಿ ಸುಣ್ಣ ಸುರಿದದ್ದು, ಎಲ್ಲವನ್ನೂ ಒಂದು ಉಪಕಾರದ ಹಾಗೆ ಹೇಳಿದ. ಈಗ ಬಣ್ಣ ಇದೆಯೇ, ನೀನೇ ನೋಡು ಎಂದ. ಬಣ್ಣವಿರಲಿಲ್ಲ ನಿಜ. ಸುಣ್ಣಕ್ಕೆ ಬಣ್ಣ ಬಗ್ಗುತ್ತದೆ. ಬಣ್ಣ ನೂಲಿಗೆ ಕಚ್ಚಲೆಂದು ಹಾಕುವ ಲೋಹದ ಉಪ್ಪು ಬಗ್ಗುವುದಿಲ್ಲ, ಅದು ತಿಳಿನೀರಿನಲ್ಲೇ ನೆಲಕ್ಕಿಳಿದು ಮನುಷ್ಯನ ಮೈಗೆ ಸೇರುತ್ತದೆ ಎಂದು ಶ್ರೀಪಾದ ಹೇಳಿದ. ಹೇಳುವಾಗ ದನಿ ಸ್ವಲ್ಪ ಏರಿತ್ತು, ಆ ಕೇರಿಯವರೂ ಮನುಷ್ಯರೇ ಅಲ್ಲವೇ ಎಂಬ ಮಾತೂ ಬಂದುಹೋಯಿತು. ಗೋಪಾಲ ಸಿಟ್ಟಾಗಲಿಲ್ಲ. ಕಾಫಿಯ ಬಟ್ಟಲನ್ನು ಅವನ ಕಡೆ ಸರಿಸುತ್ತ, "ಆ ಮಂದೀ ಮನ್ಯಾಗ ನೀ ಒಂದು ತಂಬಿಗಿ ನೀರು ಕುಡದೀಯೇನೋ ಶ್ರೀಪಾದ? ನಾ ಅವರ ನೀರು ಕೆಡಸೀನಿ ಅಂತೀ. ನೀ ಅವರ ಕೈನ ಕೆಟ್ಟದ್ದು ಅಂತ ತಿಳದೀ," ಎಂದ.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದ. ಹಳ್ಳದ ದಂಡೆ ಹಿಡಿದು ಕೇರಿಗೆ ನಡೆಯುವಾಗ ಉದ್ದಕ್ಕೂ ಗೋಪಾಲನಿಗೆ ಉತ್ತರ ಕೊಡುತ್ತಲೇ ಇದ್ದ, ಒಂದೂ ಸರಿಹೋಗಲಿಲ್ಲ. ಯಾಕೆಂದರೆ ನಾಲ್ಕು ವರ್ಷಗಳಿಂದ ಮುದುಕವ್ವ ನೀರು ತಂದಿಡುತ್ತಿದ್ದಳು, ನಾಲ್ಕೂ ವರ್ಷ ಇವತ್ತು ಉಪವಾಸ ಎಂದು ಅವನು ತಂಬಿಗೆಯನ್ನು ಮುಟ್ಟದೆ ಬಂದಿದ್ದ. ನಿಮ್ಮ ಏಕಾದಶಿ ನಮ್ಮ ಕೇರಿಗೆ ಬಂದಾಗಷ್ಟ ಬರತೈತೇನ್ರಿ ಎಂದು ಅವಳು ಹೋದ ವರ್ಷ ನಗುತ್ತ ಕೇಳಿದ್ದಳು, ಅವನೂ ನಕ್ಕಿದ್ದ, ಆದರೆ ಕಿವಿ ಬಿಸಿಯಾಗಿದ್ದವು. ಆ ಕೇರಿಯಲ್ಲಿ ಇರುವುದು ಹತ್ತಿಪ್ಪತ್ತು ಮನೆ, ಎಲ್ಲ ಎರೆಹೊಲ ಮಾಡಿಕೊಂಡಿರುವವರು. ಬಾವಿ ಮುದುಕವ್ವನ ಮನೆಯ ಮುಂದೆಯೇ ಇದೆ. ಅದು ಕೆಂಪಾದಾಗಿನಿಂದ ಹೆಂಗಸರು ದಿಬ್ಬದ ಬಾವಿಯಿಂದ, ಒಂದು ಹರದಾರಿ ನಡೆದು, ಕುಡಿಯುವ ನೀರು ತರುತ್ತಿದ್ದರು. ಹೋದ ವರ್ಷ ಮುದುಕವ್ವ ತಂದಿಟ್ಟದ್ದೂ ಆ ದಿಬ್ಬದ ನೀರೇ. ಮುದುಕವ್ವನ ಸೊಸೆ ಮಾಳವ್ವ ಬಸುರಿ, ಈಗ ತುಂಬಿದ ತಿಂಗಳು, ಆಕೆಯೂ ಹೋಗುತ್ತಿದ್ದಳು. ಇವತ್ತು ಅವನು ಹೋದಾಗ ಬಾವಿಯ ನೀರು ತಿಳಿಯಾಗಿತ್ತು. ಬಾಟಲಿ ತುಂಬಿ, ಬಿರಡೆ ಹಾಕಿ, ಅರಗು ಒತ್ತಿ ಮುಗಿಸುವಷ್ಟರಲ್ಲಿ ಮುದುಕವ್ವ ತಂಬಿಗೆ ತಂದಳು. ಕಟ್ಟೆಯ ಸುತ್ತ ಕೇರಿಯ ಐದಾರು ಮಂದಿ ನಿಂತಿದ್ದರು. ಯಾಕೆ ಎಲ್ಲರೂ ಇಷ್ಟು ಸುಮ್ಮನಿದ್ದಾರೆ ಎಂದು ಆಗ ಅವನು ಯೋಚಿಸಲಿಲ್ಲ. ಗೋಪಾಲನ ಮುಖ ಕಣ್ಣ ಮುಂದೆ ಬಂತು, ತಂಬಿಗೆ ಎತ್ತಿ, ತುಟಿಗೆ ತಾಗಿಸದೆ, ಬಾಯಿಗೆ ಹೊಯ್ದುಕೊಂಡ.

ಮೊದಲ ಗುಟುಕಿಗೇ ಗೊತ್ತಾಗಿತ್ತು. ಈ ಎರೆಸೀಮೆಯ ಕಪ್ಪು ನೆಲದಲ್ಲಿ ಬಾವಿಗಳೆಲ್ಲ ಸವಳು, ನೀರು ಸ್ವಲ್ಪ ಉಪ್ಪು. ಜನ ಸವಳಿಗೆ ಹೊಂದಿಕೊಂಡಿದ್ದಾರೆ, ಬಾಯಿ ಕಹಿಯಾದರೆ ಯಾರೂ ಹೆದರುವುದಿಲ್ಲ. ಆದರೆ ಇದು ಸವಳಲ್ಲ. ಸವಳು ನಾಲಿಗೆಯ ತುದಿಯಲ್ಲಿ ತಿಳಿಯುತ್ತದೆ, ಇದು ನಾಲಿಗೆಯ ಬುಡದಲ್ಲಿ ಹಿಡಿದುಕೊಂಡಿತು, ಹಿತ್ತಾಳೆಯ ಕಾಸು ಬಾಯಲ್ಲಿಟ್ಟುಕೊಂಡ ಹಾಗೆ. ಬಣ್ಣದ ಮನೆಗಳ ಕೊಳವೆಗಳ ಮುಂದೆ ಎಂಟು ವರ್ಷ ಕೂತವನಿಗೆ ಅದು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಆಗ ತಂಬಿಗೆ ಕೆಳಗಿಡಬಹುದಿತ್ತು. ಇಟ್ಟಿದ್ದರೆ ಮುದುಕವ್ವ ಏನು ತಿಳಿದುಕೊಳ್ಳುತ್ತಿದ್ದಳು? ಬಾಯಿಗೆ ಹಾಕಿಕೊಂಡು, ಅಸಹ್ಯಪಟ್ಟು, ಕೆಳಗಿಟ್ಟ ಎಂದು. ಮುಟ್ಟದೇ ಇರುವುದಕ್ಕಿಂತ ಅದು ಕಡೆ. ಯಾರೂ ಕುಡಿಯದ ನೀರು, ಮನೆಯ ಮುಂದೆ ಇದೆಯೆಂದು ಮುದುಕಿ ಸೇದಿ ತಂದಿದ್ದಾಳೆ, ಒಂದು ತಂಬಿಗೆಗೆ ಸಾಯುವುದಿಲ್ಲ. ಹೀಗೆಂದು ತನಗೆ ತಾನೇ ಹೇಳಿಕೊಂಡು ಎರಡನೆಯ ಗುಟುಕು, ಮೂರನೆಯ ಗುಟುಕು, ತಳದ ತನಕ. ಛಲೋ ಐತಿ ಎಂದೂ ಅಂದನೇ? ಅಂದಿರಬೇಕು. ಅಥವಾ ಬರೀ ತಲೆಯಾಡಿಸಿದನೋ. ಬೇವಿನ ಗಿಡದ ಕೆಳಗೆ ನಿಂತು ಎಷ್ಟು ನೆನಪು ಮಾಡಿಕೊಂಡರೂ ಅದೊಂದು ಮಾತ್ರ ನೆನಪಾಗಲಿಲ್ಲ.

ಗದಗಿನ ಕಡೆಯಿಂದ ಸೈಕಲ್ಲಿನ ಮೇಲೆ ಬಂದವನು ಮುದುಕವ್ವನ ಮಗ ಸಕ್ರಪ್ಪ. ಹ್ಯಾಂಡಲಿಗೆ ಹೊಸ ಹಗ್ಗದ ಸಿಂಬೆ, ಹಿಂದೆ ಕ್ಯಾರಿಯರಿನ ಮೇಲೆ ಗೋಣಿಯಲ್ಲಿ ಸುತ್ತಿದ ಏನೋ ಭಾರ. ಶ್ರೀಪಾದನನ್ನು ನೋಡಿ ಇಳಿದ. ಮುಂಜಾನೆ ಅವನು ಕಟ್ಟೆಯ ಹತ್ತಿರ ನಿಂತಿದ್ದು ಶ್ರೀಪಾದನಿಗೆ ನೆನಪಿತ್ತು. ತಾನು ಹಳ್ಳದ ಕೆಳಗಿನ ನಮೂನೆಗಳನ್ನು ತೆಗೆಯುತ್ತ ತಿರುಗುವಷ್ಟರಲ್ಲಿ ಇವನು ಪೇಟೆಗೆ ಹೋಗಿ ಬಂದಿದ್ದಾನೆ. ಮುಖ ಹಬ್ಬದ ಮುಖ. ಬಾವಿಗೆ ಹಗ್ಗ, ನೀರು ಸೇದುವ ಗಾಲಿ ತಂದೆ, ಹಳೆಯದು ತುಕ್ಕು ಹಿಡಿದು ಕೂತಿದೆ, ಸಂಜೆಗೆ ಅರಿಷಿಣ ಕುಂಕುಮ ಹಚ್ಚಿ ನೀರು ಸುರು ಮಾಡುತ್ತೇವೆ ಎಂದ. ಕುಡಿಯುವುದಕ್ಕೋ ಎಂದು ಶ್ರೀಪಾದ ಕೇಳಿದ್ದಕ್ಕೆ ಮತ್ತ್ಯಾವುದಕ್ಕೆ ಎನ್ನುವಂತೆ ನಕ್ಕ. ಯಾರು ಹೇಳಿದರು ಎಂದರೆ, ನೀವೇ ಹೇಳಿದಿರಲ್ಲ ಎಂದ.

"ನಾನೆಲ್ಲಿ ಹೇಳೇನಿ?"

"ಬಾಯಿಲೆ ಹೇಳಬೇಕೇನ್ರಿ? ನಾಕು ವರ್ಷ ನೀವು ತಂಬಿಗಿ ಮುಟ್ಟಲಿಲ್ಲ. ನೀರಿನ ಸಾಹೇಬ್ರು ಮುಟ್ಟಂಗಿಲ್ಲಂದ್ರ ನೀರಾಗ ಏನೋ ಐತಿ ಅಂತ ನಮ್ಮವ್ವ ಆಗಿಂದ ಹೇಳಾಕತ್ತಾಳ. ಬಾವಿ ಕೆಂಪಾದ ಮ್ಯಾಲ ಅದು ಖರೇ ಅಂತ ಎಲ್ಲಾರೂ ಅಂದ್ರು. ಈಗ ನೀರು ತಿಳಿ ಆಗಿ ಆರು ತಿಂಗಳಾತು, ಆದ್ರೂ ಒಬ್ರು ಬಾಯಾಗ ಹಾಕಿಲ್ಲ. ಸಾಹೇಬ್ರು ಬರ್ಲಿ, ಇದನ್ನ ಸೇದಿ ಕೊಡೂಣು, ಅವರು ಕುಡದ್ರ ಕುಡಿಯೂಣು, ಬಿಟ್ರ ಬಿಡೂಣು ಅಂತ ನಮ್ಮವ್ವ ಕೇರ್ಯಾಗ ಎಲ್ಲರಿಗೂ ಹೇಳಿಟ್ಟಿದ್ದಳು. ನೀವು ತಳಾ ಮಟಾ ಕುಡದ್ರಿ."

ಶ್ರೀಪಾದನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಅವಮಾನ. ಅಂದರೆ ಅದು ಪ್ರೀತಿಯಿಂದ ಕೊಟ್ಟದ್ದಲ್ಲ. ಪರೀಕ್ಷೆ. ತಾನು ಬಾಟಲಿಗೆ ನೀರು ತುಂಬಿದ ಹಾಗೆ ಮುದುಕವ್ವ ತನ್ನ ಹೊಟ್ಟೆಗೆ ತುಂಬಿ ನೋಡಿದ್ದಾಳೆ. ಆ ನಗು ತನಗಾಗಿ ನಕ್ಕದ್ದಲ್ಲ, ಬಾವಿಗಾಗಿ. ಇಷ್ಟು ಹೊತ್ತು ಅದನ್ನೇ ಸಿಹಿಯ ಹಾಗೆ ಚೀಪುತ್ತ ನಿಂತಿದ್ದೆನಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು. ಅದರ ಹಿಂದೆಯೇ ಇನ್ನೊಂದು ತಿಳಿಯಿತು: ಈ ಆರು ತಿಂಗಳು ತನ್ನ ಮಡಿಯೇ ಅವರನ್ನು ಕಾದಿತ್ತು. ಮುಟ್ಟೆನು ಎಂಬ ಹಟದಿಂದ ಕೂತ ತನ್ನನ್ನು ಅವರು ತಿಳಿದವನೆಂದು ನಂಬಿ ಬದುಕಿದ್ದರು, ಇವತ್ತು ಒಳ್ಳೆಯವನಾಗಲು ಹೋಗಿ ತಾನು ಅವರಿಗೆ ವಿಷ ಕುಡಿಸುತ್ತಿದ್ದೇನೆ. ಹೇಳಬೇಕು, ಈಗಲೇ ಹೇಳಬೇಕು. ಬಾಯಿ ತೆರೆದ. ಬಾಟಲಿ ಧಾರವಾಡದ ಪ್ರಯೋಗಶಾಲೆಗೆ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು ಎಂದ. ಅದು ಆಗುತ್ತಿರಲಿ ಬಿಡಿ ಎಂದ ಸಕ್ರಪ್ಪ. ಮಾಳವ್ವ ದಿಬ್ಬ ಹತ್ತಿ ಇಳಿದು ಸಾಕಾಗಿದ್ದಾಳೆ, ಇನ್ನು ಮನೆಯ ಮುಂದಿನ ನೀರೇ ಕುಡಿಯಲಿ ಎಂದ. ಅಷ್ಟರಲ್ಲಿ ಬಸ್ಸು ಬಂತು. ಸಕ್ರಪ್ಪನೇ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟ, ಒಂದೂ ಬಾಟಲಿ ಅಲುಗದ ಹಾಗೆ. ಶ್ರೀಪಾದ ಹತ್ತಿದ. ಯಾಕೆ ಹತ್ತಿದನೆಂದರೆ ಬಸ್ಸು ಬಂದಿತ್ತು, ಬಾಗಿಲು ತೆರೆದಿತ್ತು, ಕಂಡಕ್ಟರು ಜಲ್ದಿ ಎನ್ನುತ್ತಿದ್ದ.

ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಹೊರಗೆ ಬಿತ್ತದ ಕಪ್ಪು ಹೊಲಗಳು ಬಿಸಿಲಿಗೆ ಬಿರುಕು ಬಿಟ್ಟುಕೊಂಡು ಹಿಂದೆ ಸರಿಯುತ್ತಿದ್ದವು. ಉತ್ತರ ಬರುವುದಕ್ಕೆ ತಿಂಗಳೊಪ್ಪತ್ತಾದರೂ ಬೇಕು. ಬಂದ ಮೇಲೆ ಅಧಿಕೃತವಾಗಿ ಬಂದು ಹೇಳಿದರೆ ತನ್ನ ಮೇಲೆ ಏನೂ ಬರುವುದಿಲ್ಲ. ಅದಕ್ಕೆ ಮೊದಲು ಬಾಯಿಬಿಟ್ಟರೆ ನಾಲಿಗೆಯ ಸಾಕ್ಷಿ ಬಿಟ್ಟು ಬೇರೆ ಇಲ್ಲ, ಗೋಪಾಲ ಮೇಲಿನವರಿಗೆ ದೂರು ಬರೆದಾನು, ಮೇಲಿನವರು ನಾಲಿಗೆಗೆ ಪಗಾರ ಕೊಡುತ್ತೇವೇನಯ್ಯ ಎಂದಾರು. ತಿಂಗಳೊಪ್ಪತ್ತು ಒಬ್ಬಳು ಕುಡಿದರೆ ಏನಾಗುತ್ತದೆ? ಮಾಳವ್ವನ ಹೊಟ್ಟೆ ಕಣ್ಣಿಗೆ ಬಂತು, ಮುಂಜಾನೆ ಕಟ್ಟೆಗೆ ಕೈ ಊರಿ ಅವಳು ನಿಂತಿದ್ದ ರೀತಿ. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂಸಿನ ಬಾಯಿಗೆ ಗಿಂಡಿಯ ನೀರು ಹಿಡಿದಿದ್ದಳು, ಕೂಸು ಕೆಮ್ಮಿತು. ಅದು ಬರೀ ಕೂಸಿನ ಕೆಮ್ಮು, ಬೇರೇನಿಲ್ಲ, ಆದರೆ ಶ್ರೀಪಾದ ಎದ್ದು ನಿಂತಿದ್ದ. ಗೂಡಿನಲ್ಲಿರುವ ತನ್ನ ತಂಬಿಗೆ, ಹಿತ್ತಲ ಬಾಗಿಲು, ತಾಯಿಯ ಮುಖ. ಹೇಗಿದ್ದರೂ ತನಗೆ ಎಲ್ಲೂ ಒಳಗೆ ಪ್ರವೇಶವಿಲ್ಲ, ಇನ್ನು ಉಳಿಸಿಕೊಳ್ಳುವುದು ಏನಿದೆ ಎಂದುಕೊಂಡ. ಬಸ್ಸು ನಿಲ್ಲಿಸಿರಿ ಎಂದ. ಕಂಡಕ್ಟರು ಬೈದ, ನಿಲ್ಲಿಸಿದ. ಪೆಟ್ಟಿಗೆ ಹೊತ್ತು ಬಂದ ಹಾದಿಯನ್ನೇ ಹಿಡಿದಾಗ ಬಾಟಲಿಗಳೊಳಗೆ ಎಲ್ಲ ಕಡೆಯ ನೀರು ಕುಲುಕುತ್ತಿತ್ತು.

ಕೇರಿಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಬಾವಿಯ ಕಟ್ಟೆ ತೊಳೆದು ಸಾರಿಸಿದ್ದರು. ಸಕ್ರಪ್ಪ ಗಾಲಿ ಕೂಡಿಸುತ್ತಿದ್ದ, ಕೆಳಗೆ ನಿಂತು ಕೇರಿಯ ಹಿರಿಯ ಲಕ್ಕಪ್ಪ ಅದು ಸೊಟ್ಟಾಗಿದೆ ಎಂದು ಬುದ್ಧಿ ಹೇಳುತ್ತಿದ್ದ. ಹೆಂಗಸರು ಮನೆಯ ಕೊಡಗಳನ್ನೆಲ್ಲ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ದಿಬ್ಬದ ಬಾವಿಯಿಂದ ತಂದಿದ್ದ ನೀರನ್ನು ಕೊಡ ತೊಳೆಯಲು ಸುರಿದಿದ್ದರು, ಅಂಗಳವೆಲ್ಲ ಹಸಿ. ಎಷ್ಟೋ ತಿಂಗಳಿಂದ ಕೇರಿ ಕಾಣದ ಆ ಧಾರಾಳವನ್ನು ತುಳಿದುಕೊಂಡೇ ಶ್ರೀಪಾದ ಕಟ್ಟೆಯ ಹತ್ತಿರ ಹೋದ. ಮುದುಕವ್ವ ಅವನನ್ನು ನೋಡಿ ಎದ್ದಳು, ಬೆವತೀರಿ, ಕುಂಡ್ರಿ ಎಂದಳು. ಅವನು ಕೂರಲಿಲ್ಲ.

"ಈ ನೀರು ಕುಡೀಬ್ಯಾಡ್ರಿ," ಎಂದ. "ಇದು ಛಲೋ ಇಲ್ಲ."

ಗಾಲಿಯ ಸಪ್ಪಳ ನಿಂತಿತು. ಎಲ್ಲರೂ ಮೊದಲು ಅವನನ್ನು, ಆಮೇಲೆ ಮುದುಕವ್ವನನ್ನು ನೋಡಿದರು. ಮುದುಕವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಸಿಟ್ಟಿನಿಂದ ಕೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ಮಗುವಿಗೆ ಜ್ವರ ಇದೆಯೇ ಎಂದು ಕೇಳುವ ದನಿಯಲ್ಲಿ. "ನಮ್ಮ ಕೈಯಾಗ ಕುಡದದ್ದು ಮನಸ್ಸಿಗಿ ಹತ್ತೇತೇನ್ರಿ?"

ಅಲ್ಲ, ಹಾಗಲ್ಲ ಎಂದು ಅವನು ಹೇಳುವ ಮೊದಲೇ ಲಕ್ಕಪ್ಪ ನಡುವೆ ಬಂದ. ಲಕ್ಕಪ್ಪ ಸಮಾಧಾನದ ಮನುಷ್ಯ, ಎರಡು ಕಡೆಯ ಮಾನ ಉಳಿಸುವುದು ಅವನಿಗೆ ರೂಢಿ. "ಮನಿಗಿ ಹೋಗಿ ಜಳಕಾ ಮಾಡ್ರಿ ಸಾಹೇಬ್ರ, ಆತು. ನಾವು ಯಾರ ಮುಂದೂ ಅನ್ನಂಗಿಲ್ಲ."

ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಆಗುತ್ತಿತ್ತು. ಶ್ರೀಪಾದ ಸುಣ್ಣದ ಮಾತು ಹೇಳಿದ, ಬಣ್ಣ ಹೋದರೂ ಉಪ್ಪು ಉಳಿಯುವ ಮಾತು ಹೇಳಿದ, ಬಸುರಿಯ ಹೊಟ್ಟೆಯ ಮಾತು ಹೇಳಿದ. ಅವರು ತಲೆಯಾಡಿಸುತ್ತ ಕೇಳಿದರು, ಒಬ್ಬರೂ ನಂಬಲಿಲ್ಲ. ಮುಂಜಾನೆ ಕುಡಿದ ನೀರು ಸಂಜೆಗೆ ಕೆಡುವುದು ಹೇಗೆ ಎಂದು ಯಾರೋ ಹಿಂದಿನಿಂದ ಅಂದರು. ಅವನು ಕಲಿತದ್ದು, ಓದಿದ್ದು, ಎಂಟು ವರ್ಷ ಬಗ್ಗಿ ಬಾಟಲಿ ತುಂಬಿದ್ದು ಯಾವುದೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಒಂದೇ: ಪರರ ಮನೆಯ ನೀರು ಕುಡಿದು, ದಾರಿಯಲ್ಲಿ ಹೇಸಿಕೊಂಡು, ಪ್ರಾಯಶ್ಚಿತ್ತಕ್ಕೆ ಓಡಿ ಬಂದ ಒಬ್ಬ ಆಚಾರ್ಯ. ಸಕ್ರಪ್ಪ ಮತ್ತೆ ಗಾಲಿಗೆ ಕೈ ಹಾಕಿದ. ಆಗ ಶ್ರೀಪಾದ ಮಾಳವ್ವನ ಕಡೆ ತಿರುಗಿ, ದಿಬ್ಬದ ಬಾವಿಯ ನೀರು ಮನೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದ. ಎಲ್ಲ ಚೆಲ್ಲಿದೆವು, ಹಂಡೆಯ ತಳದಲ್ಲಿ ಒಂದು ತಂಬಿಗೆ ಇರಬೇಕು ಎಂದಳು ಅವಳು.

"ಅದನ್ನ ಕೊಡ್ರಿ. ಮುಂಜಾನಿ ಕೊಟ್ಟ ತಂಬಿಗಿಯಾಗನ ಕೊಡ್ರಿ. ಇವರ ಕೈಲೇನ ಕೊಡ್ರಿ," ಎಂದು ಮುದುಕವ್ವನನ್ನು ತೋರಿಸಿದ.

ಮಾಳವ್ವ ಒಳಗೆ ಹೋಗಿ ಹಂಡೆ ಬಗ್ಗಿಸಿ ತಂಬಿಗೆ ತುಂಬಿಕೊಂಡು ತಂದಳು. ಮುದುಕವ್ವ ಅದನ್ನು ಇಸಿದುಕೊಂಡು ಅವನ ಕೈಗಿತ್ತಳು, ಅವಳ ಬೆರಳು ಅವನ ಬೆರಳಿಗೆ ತಾಕಿತು. ಈ ಸಲ ಅವನು ತಂಬಿಗೆಯನ್ನು ಎತ್ತಿ ಹೊಯ್ದುಕೊಳ್ಳಲಿಲ್ಲ. ಎಲ್ಲರೂ ಕಾಣುವ ಹಾಗೆ ಅಂಚನ್ನು ತುಟಿಗೆ ಹಚ್ಚಿ, ಎಂಜಲು ಮಾಡಿ, ಕುಡಿದ. ಸವಳು, ಬರೀ ಸವಳು. ಕುಡಿದು ಮುಗಿಸಿ, ಬಾವಿಯ ಬಕೇಟಿನಲ್ಲಿ ತುಂಬಿದ್ದ ತಿಳಿನೀರನ್ನು ತೋರಿಸಿ, ಅದನ್ನು ಕುಡಿಯಲಾರೆ, ಸತ್ತರೂ ಕುಡಿಯಲಾರೆ ಎಂದ. ಕೈ ಅದೇ, ತಂಬಿಗೆ ಅದೇ. ಹೆಚ್ಚು ಹೇಳಬೇಕಾಗಲಿಲ್ಲ. ಎಲ್ಲರಿಗಿಂತ ಮೊದಲು ತಿಳಿದದ್ದು ಮುದುಕವ್ವನಿಗೆ. ಮಗನ ಕಡೆ ನೋಡದೆಯೇ, "ಗಾಲಿ ಇಳಸಲೇ," ಎಂದಳು.

ಸಕ್ರಪ್ಪ ಇಳಿಸಿದ. ಹೆಂಗಸರು ತಿಕ್ಕಿದ ಕೊಡಗಳನ್ನು ಬೋರಲು ಹಾಕಿ ಒಬ್ಬೊಬ್ಬರಾಗಿ ಎದ್ದು ಹೋದರು. ಶ್ರೀಪಾದನಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಇನ್ನು ಕೂತುಕೊಳ್ಳಬಹುದು, ಕೂತುಕೊಳ್ಳಿ ಎಂದು ಅವಳು ಇನ್ನೊಮ್ಮೆ ಹೇಳಿಯಾಳು ಎಂದು ಕಾಯ್ದ. ಮುದುಕವ್ವ ಖಾಲಿ ತಂಬಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದಳು.

"ಮುಂಜಾನಿ ಬಾಯಾಗ ಹಾಕಿದಾಗನ ಗೊತ್ತಾಗಿತ್ತೇನ್ರಿ ನಿಮಗ?"

"ಆಗಿತ್ತು."

"ಗೊತ್ತಾಗೂ ಕುಡದ್ರಿ?"

ನೀವು ಕೊಟ್ಟಿರಲ್ಲ, ಅದಕ್ಕೆ ಎಂದ. ಹೇಳುತ್ತಿದ್ದಂತೆಯೇ ಅದು ಪೂರ್ತಿ ನಿಜವಲ್ಲ ಎಂದು ಅವನಿಗೇ ಕೇಳಿಸಿತು. ಅವಳಿಗೂ ಕೇಳಿಸಿರಬೇಕು. ಹಾಗಾದರೆ ನಾಲ್ಕು ವರ್ಷ ನಾನು ಕೊಟ್ಟಾಗ ಏನಾಗಿತ್ತು, ಆಗ ನೀರಿನಲ್ಲಿ ಏನಿತ್ತು ಎಂದು ಕೇಳಿದಳು. ಈಗಲೂ ಒಂದು ಸುಳ್ಳು ಹೇಳಬಹುದಿತ್ತು. ಆಗಲೂ ನೀರು ಕೆಟ್ಟಿತ್ತು ಎಂದುಬಿಟ್ಟರೆ ಅವಳು ನಂಬುತ್ತಿದ್ದಳು, ನಾಲ್ಕು ವರ್ಷದ ಅವಳ ನಂಬಿಕೆ ಹಾಗೆಯೇ ಉಳಿಯುತ್ತಿತ್ತು, ಅವನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಒಂದೇ ದಿನದಲ್ಲಿ ಎರಡು ಸಲ ಅವಳನ್ನು ಮೋಸಗೊಳಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಆಗ ನೀರಾಗ ಏನೂ ಇದ್ದಿಲ್ಲ," ಎಂದ.

ಮುದುಕವ್ವ ಅವನನ್ನು ನೆಟ್ಟಗೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ದಣಿವು. ತಂಬಿಗೆಯನ್ನು ಹೊಸ್ತಿಲ ಒಳಗೆ ಇಟ್ಟು ಬಂದಳು.

"ಮುಂದಿನ ವರ್ಷ ಬರ್ರಿ ಸಾಹೇಬ್ರ, ನಿಮ್ಮ ಬಾಟಲಿ ತುಂಬಕೊಂಡು ಹೋಗ್ರಿ," ಎಂದಳು. "ತಂಬಿಗಿ ಮಾತ್ರ ನಾ ತರಂಗಿಲ್ಲ. ಇನ್ನ ನೀವು ಕುಡದ್ರೂ ನಮಗ ತಿಳಿಯಂಗಿಲ್ಲ, ಬಿಟ್ರೂ ತಿಳಿಯಂಗಿಲ್ಲ."

ಪೆಟ್ಟಿಗೆ ಎತ್ತಿಕೊಂಡು ಅವನು ಕೇರಿಯ ಹೊರಗೆ ಬಂದ. ಹಿಂದೆಯೇ ಮಾಳವ್ವ ಬಂದಳು, ಟೊಂಕದ ಮೇಲೆ ಬೆಳಗಿದ ಖಾಲಿ ಕೊಡ. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ತಂಬಿಗೆ ಕುಡಿಯುವ ನೀರು ಈಗ ತನ್ನ ಹೊಟ್ಟೆಯಲ್ಲಿದೆ, ಇವಳು ಮತ್ತೆ ದಿಬ್ಬ ಹತ್ತಬೇಕು ಎಂಬುದು ಅವನಿಗೆ ಆಗ ಹೊಳೆಯಿತು. ಬೇವಿನ ಗಿಡದ ತನಕ ಇಬ್ಬರಿಗೂ ಒಂದೇ ಹಾದಿ. ಕೊಡ ಕೊಡಿ, ನಾನೂ ಬರುತ್ತೇನೆ, ತುಂಬಿಸಿ ತಂದುಕೊಡುತ್ತೇನೆ ಎಂದ. ಅವಳು ಗಾಬರಿಯಾಗಿ ಕೊಡವನ್ನು ಇನ್ನೊಂದು ಟೊಂಕಕ್ಕೆ ಬದಲಿಸಿಕೊಂಡಳು. ಬೇಡ, ನೀವು ಮುಂದೆ ಹೋಗಿರಿ, ಬಸ್ಸು ತಪ್ಪುತ್ತದೆ ಎಂದಳು. ಅವನು ಮುಂದೆ ನಡೆದ. ಇಷ್ಟು ಭಾರದ ಹೆಂಗಸು ಹಿಂದೆ ಬೀಳಬಾರದೆಂದು ಹೆಜ್ಜೆ ನಿಧಾನ ಮಾಡಿದ. ಅವಳೂ ನಿಧಾನ ಮಾಡಿದಳು. ನಿಂತು ಪೆಟ್ಟಿಗೆಯನ್ನು ಭುಜ ಬದಲಿಸಿದ. ಹಿಂದೆ, ಅಷ್ಟೇ ದೂರ ಉಳಿಸಿಕೊಂಡು, ಅವಳೂ ನಿಂತಳು.